ಹಲಾಲ್ ಆಹಾರವೂ ಯಂತ್ರವಿಜ್ಞಾನವೂ

ಬೈಲಹೊಂಗಲ, ಸವದತ್ತಿಗಳ ಪೇಟೆಯಲ್ಲಿ ಮಾಂಸ ಕೊಳ್ಳುವವನಿಗೆ ಕೊಯ್ದವನ ಪರಿಚಯವಿರುತ್ತದೆ. ಹಲಾಲೋ ಅಲ್ಲವೋ ಎಂದು ಅವನನ್ನೇ ಕೇಳಬಹುದು. ಕಾರ್ಖಾನೆಯ ಡಬ್ಬಿಯನ್ನು ಕೇಳುವುದೆಂತು?

ಜೆಲ್ಲಿಯನ್ನು ಗಟ್ಟಿಗೊಳಿಸುವ ಜೆಲಟಿನ್ ಪ್ರಾಣಿಗಳ ಎಲುಬು, ಚರ್ಮಗಳಿಂದ ಬರುತ್ತದೆ. ಚೀಸಿಗಾಗಿ ಹಾಲನ್ನು ಒಡೆಯುವ ರೆನೆಟ್ ಮೂಲತಃ ಕರುವಿನ ಜಠರದ್ದು. ಹಂದಿಯ ಅಂಶವಿದ್ದರೆ, ಇಲ್ಲವೆ ಪ್ರಾಣಿಯನ್ನು ವಿಧಿಯಂತೆ ಕೊಯ್ಯದಿದ್ದರೆ, ಅದು ಹಲಾಲ್ ಆಗದು. ನಮ್ಮ ಹಸಿರು ಚುಕ್ಕೆಯು ಶಾಕಾಹಾರವೆಂದಷ್ಟೇ ಸಾರುತ್ತದೆ. ವೆನಿಲಾ ಸಾರದಲ್ಲಿರುವ ಮದ್ಯಸಾರದ ಮಾತನ್ನು ಅದು ಎತ್ತುವುದಿಲ್ಲ.

ವಿಜ್ಞಾನವು ದಾರಿಗಳನ್ನು ತೋರಿದೆ. ಜೆಲಟಿನ್ನಿಗೆ ಬದಲಾಗಿ ಕಡಲಪಾಚಿಯ ಅಗರ್, ಹಣ್ಣಿನ ಪೆಕ್ಟಿನ್. ಕರುವಿನ ರೆನೆಟ್ಟಿಗೆ ಬದಲಾಗಿ ಬೂಷ್ಟಿನಿಂದ ತೆಗೆದ ಕಿಣ್ವ. ಅನ್ಯ ಆಹಾರ ಮುಟ್ಟಿದ ಯಂತ್ರವನ್ನು ವಿಧಿಯಂತೆ ತೊಳೆದೇ ಬಳಸಬೇಕೆಂದು 1997ರ ಕೋಡೆಕ್ಸ್ ಮಾರ್ಗಸೂಚಿಯು ವಿಧಿಸಿದೆ.

ಮೂಲವನ್ನು ಡಬ್ಬಿಯ ಮೇಲೆ ಸತ್ಯವಾಗಿ ಬರೆದರೆ, ವಸತಿಗೃಹದ ಒಂದೇ ಪಂಕ್ತಿಯಲ್ಲಿ ನಾವೆಲ್ಲರೂ ನಿಶ್ಶಂಕೆಯಿಂದ ಉಣ್ಣಬಹುದೆಂದು ನಾನು ನಂಬಿದ್ದೇನೆ.