ಊರಿನ ಗದ್ದೆಗೂ ಬೇಕು ಮಣ್ಣಿನ ಪರೀಕ್ಷೆ

ಟಿಟ್ವಾಳಾ: ಕಾಳು ನದಿ ತೀರದ ಟಿಟ್ವಾಳಾ ಪರಿಸರದ ಮಣ್ಣು ಬಸಾಲ್ಟ್ ಎಂಬ ಕಪ್ಪು ಶಿಲೆ ಸವೆದು ಆದದ್ದು. ಇಲ್ಲಿ ನೆಲೆಸಿರುವ ಕರಾವಳಿ ಮೂಲದ ತುಳು-ಕನ್ನಡಿಗರ ಊರಿನಲ್ಲಿರುವುದು ಹೆಚ್ಚಾಗಿ ಮುರಕಲ್ಲಿನ ಕೆಂಪು ಮಣ್ಣು. ಎರಡರಲ್ಲೂ ಕಬ್ಬಿಣ ಧಾರಾಳ. ಆದರೆ ಭಾರೀ ಮಳೆಗೆ ಸುಣ್ಣ, ಪೊಟ್ಯಾಶ್ ತೊಳೆದುಹೋಗಿ ಮುರಕಲ್ಲಿನ ಮಣ್ಣು ಹುಳಿಯಾಗುತ್ತದೆ.

ಯಾವ ಪ್ರದೇಶದಲ್ಲಿ ಯಾವ ಧಾತು ಎಷ್ಟಿದೆ ಎಂಬುದರ ನಕ್ಷೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಸಿದ್ಧಪಡಿಸುತ್ತಿದ್ದು, ಎರಡು ಕಿ.ಮೀ. ಉದ್ದಗಲದ ಚೌಕಕ್ಕೊಂದರಂತೆ ಹಳ್ಳ-ತೊರೆಗಳ ಹೂಳಿನ ಮಾದರಿಯನ್ನು ಪರೀಕ್ಷಿಸುತ್ತದೆ. ಆದರೆ ನೆಲದಲ್ಲಿ ಇರುವುದು ಬೇರೆ, ಬೆಳೆಗೆ ದಕ್ಕುವುದು ಬೇರೆ. ಅದನ್ನು ತಿಳಿಯಲು ಹೊಲದ ಮಣ್ಣನ್ನೇ ಪರೀಕ್ಷಿಸಬೇಕು. 2009ರಲ್ಲಿ ಆರಂಭವಾದ ಕರ್ನಾಟಕದ ಭೂಚೇತನ ಯೋಜನೆಯಲ್ಲಿ ಅನೇಕ ಹೊಲಗಳಲ್ಲಿ ಸತು, ಬೋರಾನ್, ಗಂಧಕದ ಕೊರತೆ ಕಂಡುಬಂದಿತ್ತು. ಯೂರಿಯಾ ಎಷ್ಟು ಸುರಿದರೂ ಈ ಕೊರತೆ ನೀಗದು. 2015ರಲ್ಲಿ ಜಾರಿಯಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳ ವಿವರ ದೊರೆಯುತ್ತದೆ.

ಮುಂಬಯಿಯಿಂದಲೇ ಫೋನ್ ಮೂಲಕ ಬೇಸಾಯ ಮಾಡಿಸುವವರು ಕಟಾವಿನ ನಂತರ ಊರಿಗೆ ಹೋದಾಗ, ಗೊಬ್ಬರ ಹಾಕುವ ಮೊದಲು, ಗದ್ದೆಯ ಎಂಟು-ಹತ್ತು ಕಡೆ 15 ಸೆಂ.ಮೀ. ಆಳದಿಂದ ಮಣ್ಣು ತೆಗೆದು ಬೆರೆಸಿ, ಅರ್ಧ ಕಿಲೋ ಮಾದರಿಯೊಂದಿಗೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸುವುದು ಉತ್ತಮ. ಗೊಬ್ಬರದ ಖರ್ಚೂ ಉಳಿದೀತು, ಹಿರಿಯರು ಬಿಟ್ಟುಹೋದ ಭೂಮಿಯೂ ಫಲವತ್ತಾಗಿ ಉಳಿದೀತು.