ಡಾಂಬರು ಮುಗಿದ ಮೇಲೂ ರಸ್ತೆ ಇದೆ

ರಸ್ತೆ ಎಂದರೆ ಹೆಚ್ಚಿನವರ ಲೆಕ್ಕದಲ್ಲಿ ಕಪ್ಪು ಡಾಂಬರು ಇರುವಷ್ಟು ಜಾಗ. ಅದರ ಅಂಚಿನಿಂದಾಚೆಗಿನ ಮಣ್ಣು, ಹುಲ್ಲು, ಚರಂಡಿ, ಹುಣಸೆಮರದ ಸಾಲು ಪಕ್ಕದ ಜಮೀನಿನವರಿಗೆ ಸೇರಿದ್ದೆಂದೇ ಊರೆಲ್ಲ ನಂಬಿರುತ್ತದೆ. ಬೇಲಿ ಮುಂದೆ ಸರಿಯುವುದು ಈ ನಂಬಿಕೆಯ ಬಲದಿಂದ.

ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ 1980ರಲ್ಲಿ ರೂಪಿಸಿದ ಮಾನದಂಡದ ಪ್ರಕಾರ, ಸಮತಟ್ಟು ನೆಲದ ತೆರೆದ ಪ್ರದೇಶದಲ್ಲಿ ಹಳ್ಳಿಯ ರಸ್ತೆಗೆ 12 ಮೀಟರ್ ಅಗಲದ ಜಾಗ ಬೇಕಿತ್ತು. ಜಿಲ್ಲಾ ಮುಖ್ಯ ರಸ್ತೆಗೆ 25 ಮೀಟರ್, ರಾಜ್ಯ ಮತ್ತು ರಾಷ್ಟ್ರೀಯ ಹೆದ್ದಾರಿಗಳಿಗೆ 45 ಮೀಟರ್. ಒಂದು ಪಥದ ರಸ್ತೆಗೆ ಹಾಕುವ ಡಾಂಬರಿನ ಅಗಲ ಮಾತ್ರ 3.75 ಮೀಟರ್. ಈ ಅಳತೆಯಲ್ಲಿ ಮಾಡಿದ ಹಳ್ಳಿ ರಸ್ತೆಯಲ್ಲಿ ಡಾಂಬರು ಕಾಣುವುದು ಮೂರರಲ್ಲೊಂದು ಪಾಲಿಗಿಂತ ಕಡಿಮೆ. ಉಳಿದದ್ದೂ ರಸ್ತೆಯೇ.

ಆ ಉಳಿದ ಜಾಗ ಖಾಲಿ ಬಿದ್ದಿರುವಂತೆ ಕಂಡರೂ ಅದಕ್ಕೆ ಕೈತುಂಬ ಕೆಲಸವಿದೆ. ಎದುರಿನಿಂದ ಬಸ್ಸು ಬಂದಾಗ ಸೈಕಲ್ಲಿನವನು ಇಳಿಯುವುದು ಅಲ್ಲಿ, ಶಾಲೆಯ ಮಕ್ಕಳು ನಡೆಯುವುದು ಅಲ್ಲಿ, ಕೆಟ್ಟ ಲಾರಿ ನಿಲ್ಲುವುದು ಅಲ್ಲಿ. ವಿದ್ಯುತ್ ಕಂಬ ಮತ್ತು ಕುಡಿಯುವ ನೀರಿನ ಪೈಪಿಗೂ ಅದೇ ನೆಲೆ. ಎಲ್ಲಕ್ಕಿಂತ ಮುಖ್ಯವಾಗಿ ಮಳೆನೀರು ಹರಿದು ಹೋಗುವುದು ಅಲ್ಲಿಂದಲೇ. ಡಾಂಬರಿಗೆ ನೀರಿನಷ್ಟು ದೊಡ್ಡ ಶತ್ರು ಇಲ್ಲ. ಅಂಗಡಿಯವರು ಮೆಟ್ಟಿಲಿಗಾಗಿ ಚರಂಡಿಯ ಮೇಲೆ ಕಾಂಕ್ರೀಟು ಹಾಕಿ ಮುಚ್ಚಿದರೆ, ನೀರು ರಸ್ತೆಯ ಮೇಲೇ ನಿಂತು ಬಿರುಕುಗಳಲ್ಲಿ ಇಳಿದು ತಳದ ಜಲ್ಲಿಯನ್ನು ಸಡಿಲಗೊಳಿಸುತ್ತದೆ. ಗುಂಡಿ ಬಿದ್ದಾಗ ಗುತ್ತಿಗೆದಾರನನ್ನು ಬೈಯುವ ಊರು, ಚರಂಡಿ ಮುಚ್ಚಿದವರ ಹೆಸರು ಎತ್ತುವುದಿಲ್ಲ.

ಹಳ್ಳಿಯ ಒತ್ತುವರಿಗೆ ಸದ್ದೇ ಇರುವುದಿಲ್ಲ. ಉಳುಮೆ ಮಾಡುವಾಗ ಬಂಡಿದಾರಿಯ ಕಡೆಗೆ ವರ್ಷಕ್ಕೊಂದು ಸಾಲು ಹೆಚ್ಚಾಗುತ್ತದೆ. ಒಂದು ಮಳೆಗಾಲದಲ್ಲಿ ಬಾಂದುಕಲ್ಲು ವಾಲುತ್ತದೆ, ಮುಂದಿನದರಲ್ಲಿ ಕಾಣೆಯಾಗುತ್ತದೆ. ಕತ್ತಾಳೆಯ ಬೇಲಿ ಇದ್ದಲ್ಲಿ ಕಲ್ಲುಕಂಬ ಮತ್ತು ತಂತಿ ಬರುತ್ತವೆ. ಒಂದು ಕಿಲೋಮೀಟರ್ ಉದ್ದದ ದಾರಿಯಲ್ಲಿ ಒಂದೇ ಬದಿಯಿಂದ ಮೂರಡಿ ಒಳಗೆ ಬಂದರೂ ಸುಮಾರು 9 ಗುಂಟೆ ಭೂಮಿ ಹೋಗುತ್ತದೆ. ಇದರ ಬಿಸಿ ತಟ್ಟುವುದು ಒಳಗಿನ ಜಮೀನಿನವರಿಗೆ. ಕಬ್ಬು ಕಟಾವಿಗೆ ಬಂದಾಗ ಲಾರಿ ಒಳಗೆ ಹೋಗದೆ, ರಸ್ತೆಯವರೆಗೆ ತಲೆಹೊರೆಯಲ್ಲಿ ಸಾಗಿಸಲು ಬೇರೆ ಕೂಲಿ ತೆರಬೇಕಾಗುತ್ತದೆ. ಅಣ್ಣತಮ್ಮಂದಿರ ಮನೆಗಳ ನಡುವೆ ಮಾತು ನಿಂತುಹೋಗುವುದು, ಕೆಲವೊಮ್ಮೆ ಕುಡುಗೋಲು ಏಳುವುದು ಇಂಥ ಮೂರಡಿಗೇ.

ಪೇಟೆಯ ಒತ್ತುವರಿ ಗಟ್ಟಿ ವಸ್ತುವಿನದು. ಮೊದಲು ಕಾರು ಹತ್ತಿಸುವ ಇಳಿಜಾರು, ಆಮೇಲೆ ಮನೆಮುಂದಿನ ಗಿಡಗಳಿಗೆ ಕಬ್ಬಿಣದ ಜಾಲರಿ, ಬಿಸಿಲಿಗೆಂದು ತಗಡಿನ ಶೀಟು, ಶೀಟಿನಡಿಗೆ ಜನರೇಟರ್. ಕೊನೆಗೆ ಕಾಂಪೌಂಡೇ ಎರಡಡಿ ಮುಂದಕ್ಕೆ ಬಂದಿರುತ್ತದೆ. ಪಾದಚಾರಿ ಮಾರ್ಗ ಹೀಗೆ ತುಂಡುತುಂಡಾದಾಗ ಊರುಗೋಲು ಹಿಡಿದವರು, ಗಾಲಿಕುರ್ಚಿಯವರು, ಕಂಕುಳಲ್ಲಿ ಮಗು ಹೊತ್ತವರು ವಾಹನಗಳ ನಡುವೆ ಇಳಿಯಲೇಬೇಕು. ಒಳ್ಳೆಯ ಪಾದಚಾರಿ ಮಾರ್ಗ ಮತ್ತು ರಸ್ತೆ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಕರ್ನಾಟಕ ಹೈಕೋರ್ಟ್ 2019ರಲ್ಲಿ ಹೇಳಿತು. ಪಾದಚಾರಿ ಮಾರ್ಗದ ಬಗ್ಗೆ ಇದೇ ಮಾತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ದೇಶಕ್ಕೆಲ್ಲ ಹೇಳಿದೆ.

ಯಾವುದು ರಸ್ತೆ, ಯಾವುದು ಖಾಸಗಿ ಎಂದು ತೀರ್ಮಾನಿಸುವುದು ಹೇಗೆ? ಹಳ್ಳಿಯಲ್ಲಿ ಮೊದಲ ಸಾಕ್ಷಿ ಗ್ರಾಮ ನಕಾಶೆ. ಹಿಂದಿನ ಭೂಮಾಪಕರು 33 ಅಡಿಯ ಸರಪಳಿ ಎಳೆದು ಅಳೆದ ಆ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿ, ಹಳ್ಳ, ಕೆರೆಗಳ ಗುರುತಿದೆ. ಅದಕ್ಕೇ ರೈತರು ‘ನಕಾಶೆ ಕಂಡ ದಾರಿ’ ಎನ್ನುತ್ತಾರೆ. ಪ್ರತಿ ಸರ್ವೆ ನಂಬರಿನ ಅಳತೆಗೆ ಟಿಪ್ಪಣಿ ಪುಸ್ತಕವಿದೆ, ವಿಸ್ತೀರ್ಣಕ್ಕೆ ಆಕಾರ್‌ಬಂದ್ ಇದೆ. ಪಹಣಿಯಲ್ಲಿ ಕಾಣುವ ಖರಾಬಿನಲ್ಲೂ ಎರಡು ಬಗೆ. ಬಂಡೆ, ಕಣ, ಕಟ್ಟಡಗಳಿಂದಾಗಿ ಸಾಗುವಳಿಗೆ ಒದಗದ ‘ಎ’ ಖರಾಬು ಒಂದು, ರಸ್ತೆ, ಹಳ್ಳ, ಸ್ಮಶಾನದಂತಹ ಸಾರ್ವಜನಿಕ ಬಳಕೆಗೆ ಬಿಟ್ಟ ‘ಬಿ’ ಖರಾಬು ಇನ್ನೊಂದು. ನಾಲ್ಕೂ ಕಡೆ ಒಬ್ಬರದೇ ಜಮೀನಿದ್ದರೂ ನಡುವೆ ಹಾಯುವ ‘ಬಿ’ ಖರಾಬಿನ ದಾರಿ ಅವರದಾಗುವುದಿಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 67ನೇ ಕಲಂ ಸಾರ್ವಜನಿಕ ರಸ್ತೆ, ಓಣಿ, ದಾರಿ, ಸೇತುವೆಗಳೆಲ್ಲ ಸರ್ಕಾರದ ಸ್ವತ್ತೆಂದು ಹೇಳುತ್ತದೆ.

ಗ್ರಾಮಠಾಣದ, ಅಂದರೆ ಊರಿನ ಮನೆಗಳಿರುವ ಜಾಗದ ಒಳಗಿನ ಸ್ಥಿತಿ ಬೇರೆ. ಹೊಲಗಳಿಗೆ ನಡೆದಷ್ಟು ಕಟ್ಟುನಿಟ್ಟಿನ ಅಳತೆ ಮನೆಗಳಿಗೆ ನಡೆಯಲೇ ಇಲ್ಲ. ಓಣಿಯ ಅಗಲಕ್ಕೆ ಹಿರಿಯರ ನೆನಪೇ ಆಧಾರವಾಯಿತು. 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸ್ವಾಮಿತ್ವ ಯೋಜನೆ ಡ್ರೋನ್ ಹಾರಿಸಿ ಊರೊಳಗಿನ ಮನೆ, ಬೀದಿಗಳ ನಕ್ಷೆ ಮಾಡುತ್ತಿರುವುದು ಈ ಕೊರತೆ ತುಂಬಲು. ಇಲ್ಲೊಂದು ಎಚ್ಚರ ಬೇಕು. ಡ್ರೋನ್ ಇಂದು ಇದ್ದದ್ದನ್ನು ಇದ್ದಂತೆ ಚಿತ್ರಿಸುತ್ತದೆ. ಬೀದಿಗೆ ಚಾಚಿಕೊಂಡ ಜಗಲಿಯನ್ನು ಊರವರು ಈಗ ತಕರಾರಿಲ್ಲದೆ ಒಪ್ಪಿಬಿಟ್ಟರೆ, ನಾಳೆ ಅದೇ ದಾಖಲೆಯಾಗುತ್ತದೆ.

ಒತ್ತುವರಿದಾರರು ಸಾಮಾನ್ಯವಾಗಿ ಹೇಳುವುದು ಎರಡು ಮಾತು: ‘ಕಂದಾಯ ಕಟ್ಟಿದ್ದೇವೆ’, ‘ನಮ್ಮ ತಾತನ ಕಾಲದಿಂದ ಹೀಗೇ ಇದೆ’. ಕಂದಾಯದ ರಸೀದಿ ತೆರಿಗೆ ಸಂದಾಯವಾಗಿದ್ದಕ್ಕೆ ಸಾಕ್ಷಿಯೇ ಹೊರತು ಮಾಲೀಕತ್ವಕ್ಕಲ್ಲ. ಹಳೆಯ ಅನುಭೋಗದ ವಾದವೂ ಅಷ್ಟು ಸಲೀಸಲ್ಲ. ಖಾಸಗಿ ಆಸ್ತಿಯ ಸ್ವಾಧೀನ ಕೇಳಿ ದಾವೆ ಹೂಡಲು 12 ವರ್ಷದ ಗಡುವು ಇದ್ದರೆ, ಸರ್ಕಾರಕ್ಕೆ ಮತ್ತು ಸಾರ್ವಜನಿಕ ರಸ್ತೆಯ ವಿಷಯದಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಕಾಲಮಿತಿ ಕಾಯ್ದೆ 30 ವರ್ಷ ಕೊಟ್ಟಿದೆ.

ತೆರವಿಗೆ ಕಾನೂನಿನ ಬಡತನವಿಲ್ಲ. ಭೂಕಂದಾಯ ಕಾಯ್ದೆಯ 104ನೇ ಕಲಂ, ಪೌರನಿಗಮಗಳ ಕಾಯ್ದೆ, 1964ರ ಕರ್ನಾಟಕ ಹೆದ್ದಾರಿ ಕಾಯ್ದೆ, ರಾಷ್ಟ್ರೀಯ ಹೆದ್ದಾರಿಗಳ ಜಾಗ ಕಾಯಲು 2002ರ ಕೇಂದ್ರ ಕಾಯ್ದೆ, ಭೂಕಬಳಿಕೆ ತಡೆಗೆ 2011ರ ರಾಜ್ಯ ಕಾಯ್ದೆ ಮತ್ತು ಅದರಡಿ ಬೆಂಗಳೂರಿನಲ್ಲಿ ವಿಶೇಷ ನ್ಯಾಯಾಲಯ ಎಲ್ಲವೂ ಇವೆ. ಕೊರತೆ ಇರುವುದು ಅಳೆಯುವ ಕೈಗಳಲ್ಲಿ ಮತ್ತು ಎಲ್ಲರನ್ನೂ ಒಂದೇ ರೀತಿ ಕಾಣುವ ಮನಸ್ಸಿನಲ್ಲಿ. ತಳ್ಳುಗಾಡಿಯವರ ತಕ್ಕಡಿ ಒಂದು ಗಂಟೆಯಲ್ಲಿ ಲಾರಿ ಏರುತ್ತದೆ. ಅದರ ಪಕ್ಕದಲ್ಲೇ ರಸ್ತೆ ನುಂಗಿದ ಕಾಂಪೌಂಡಿಗೆ ವರ್ಷಗಟ್ಟಲೆ ಯಾರೂ ಟೇಪು ಹಿಡಿಯುವುದಿಲ್ಲ. ಬೀದಿಬದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆಯಿದೆ, ಸಮೀಕ್ಷೆ ಮಾಡಿ ಅವರಿಗೆ ಜಾಗ ಗುರುತಿಸಬೇಕೆಂದು ಕಾನೂನೇ ಹೇಳುತ್ತದೆ. ಕಾಂಪೌಂಡಿಗೆ ಅಂಥ ಯಾವ ರಕ್ಷಣೆಯೂ ಇಲ್ಲ.

ದೇವರ ಹೆಸರು ಬಂದರಂತೂ ಆಡಳಿತದ ಕೈ ನಡುಗುತ್ತದೆ. ಬೀದಿ, ಉದ್ಯಾನಗಳಲ್ಲಿ ಯಾವ ಧರ್ಮದ ಹೆಸರಿನಲ್ಲೂ ಹೊಸ ಅನಧಿಕೃತ ಕಟ್ಟಡ ಏಳಬಾರದೆಂದು ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿತು. 2021ರಲ್ಲಿ ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯ ದೇವಾಲಯವನ್ನು ಅಧಿಕಾರಿಗಳು ಕೆಡವಿದಾಗ ರಾಜ್ಯವೇ ಕುದಿಯಿತು. ಅದೇ ವರ್ಷ, ಸಾರ್ವಜನಿಕ ಜಾಗದಲ್ಲಿ ಆಗಲೇ ಇದ್ದ ಧಾರ್ಮಿಕ ಕಟ್ಟಡಗಳನ್ನು ರಕ್ಷಿಸುವ ಮಸೂದೆಗೆ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ದಶಕಗಳ ಕಾಲ ಸುಮ್ಮನಿದ್ದು ಒಂದು ಬೆಳಗಿನ ಜಾವ ಯಂತ್ರ ತಂದು ನಿಲ್ಲಿಸಿದರೆ ಜನರಿಗೆ ಕಾಣುವುದು ಕಾನೂನಲ್ಲ, ದಬ್ಬಾಳಿಕೆ.

ಆ ದಬ್ಬಾಳಿಕೆಯ ಅತಿರೇಕಕ್ಕೆ ಉತ್ತರ ಪ್ರದೇಶದ ಮಹಾರಾಜಗಂಜ್ ಸಾಕ್ಷಿ. 2019ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಹೆದ್ದಾರಿ ಅಗಲೀಕರಣಕ್ಕೆಂದು ಒಂದು ಮನೆಯನ್ನು ಕೆಡವಲಾಯಿತು. ಲಿಖಿತ ನೋಟಿಸ್ ಇರಲಿಲ್ಲ, ಧ್ವನಿವರ್ಧಕದಲ್ಲಿ ಕೂಗಿದ್ದಷ್ಟೇ. ಮಾನವ ಹಕ್ಕುಗಳ ಆಯೋಗ ವಿಚಾರಿಸಿದಾಗ ಒತ್ತುವರಿ ಹೆಚ್ಚೆಂದರೆ 3.70 ಮೀಟರ್ ಎಂದು ತಿಳಿಯಿತು. ಕೆಡವಿದ್ದು ಅದನ್ನೂ ಮೀರಿ 5ರಿಂದ 8 ಮೀಟರ್. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟ್ ಮನೆಯವರಿಗೆ 25 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಕೊಡಿಸಿ, ಎಲ್ಲ ರಾಜ್ಯಗಳೂ ನಡೆಯಬೇಕಾದ ಕ್ರಮವನ್ನು ಬರೆಯಿತು. ಮೊದಲು ದಾಖಲೆಯಲ್ಲಿ ರಸ್ತೆಯ ಅಗಲವೆಷ್ಟೆಂದು ನೋಡಿ, ಸ್ಥಳದಲ್ಲಿ ಅಳತೆ ಮಾಡಬೇಕು. ಒತ್ತುವರಿ ಕಂಡರೆ ನೋಟಿಸ್ ಕೊಟ್ಟು ಆಕ್ಷೇಪಣೆ ಕೇಳಿ, ಕಾರಣ ಸಹಿತ ಆದೇಶ ಬರೆದು, ತೆರವಿಗೆ ಕಾಲಾವಕಾಶ ಕೊಡಬೇಕು. ಇರುವ ಜಾಗ ಅಗಲೀಕರಣಕ್ಕೆ ಸಾಲದಿದ್ದರೆ ಭೂಸ್ವಾಧೀನ ಮಾಡಿ ಹಣ ತೆರಬೇಕು. ಒಂದೇ ವಾರದ ನಂತರ ನವೆಂಬರ್ 13ರಂದು, ಕಟ್ಟಡ ಕೆಡವುವ ಮುನ್ನ 15 ದಿನಗಳ ನೋಟಿಸ್ ಕೊಡಬೇಕೆಂದ ತೀರ್ಪು ರಸ್ತೆ, ಪಾದಚಾರಿ ಮಾರ್ಗದಂತಹ ಸಾರ್ವಜನಿಕ ಜಾಗದ ಅನಧಿಕೃತ ಕಟ್ಟಡಗಳನ್ನು ಆ ರಕ್ಷಣೆಯಿಂದ ಹೊರಗಿಟ್ಟಿತು. ಇವೆರಡನ್ನೂ ಜೊತೆಗಿಟ್ಟು ಓದಬೇಕು. ಒಂದನ್ನೇ ಓದಿದ ಅಧಿಕಾರಿ ಇನ್ನೊಂದು ಮಹಾರಾಜಗಂಜ್ ಮಾಡಬಲ್ಲ.

ಬೆಲೆ ತೆತ್ತು ಜಾಗ ಪಡೆಯುವುದೆಂದರೇನೆಂದು ಬೆಂಗಳೂರಿಗೆ ಗೊತ್ತು. ಬಳ್ಳಾರಿ ರಸ್ತೆ, ಜಯಮಹಲ್ ರಸ್ತೆಗಳ ಅಗಲೀಕರಣಕ್ಕೆ ಬೇಕಾದ ಅರಮನೆ ಮೈದಾನದ 15 ಎಕರೆ 39 ಗುಂಟೆಗೆ ಬದಲಾಗಿ ಕೊಡಬೇಕಾದ ಅಭಿವೃದ್ಧಿ ಹಕ್ಕಿನ (ಬೇರೆಡೆ ಹೆಚ್ಚುವರಿಯಾಗಿ ಕಟ್ಟಲು ಅಥವಾ ಮಾರಲು ಬರುವ ಹಕ್ಕು) ಮೌಲ್ಯ 3,000 ಕೋಟಿ ರೂಪಾಯಿ ಮೀರುತ್ತದೆಂಬ ಲೆಕ್ಕದ ಮೇಲೆ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಹೊಸದಾಗಿ ಕೊಳ್ಳಲು ಇಷ್ಟು ದುಬಾರಿಯಾದ ನೆಲವನ್ನು, ಈಗಾಗಲೇ ಜನರದಾಗಿರುವಾಗ, ಅಡಿ ಅಡಿಯಾಗಿ ಬಿಟ್ಟುಕೊಡುವುದು ಕ್ಷಮಿಸುವಂಥದ್ದಲ್ಲ.

ನಿವೇಶನ ಕೊಳ್ಳುವವರು, ಮನೆಗೆ ಕಾಂಪೌಂಡು ಹಾಕಿಸುವವರು, ತೋಟಕ್ಕೆ ತಂತಿಬೇಲಿ ಎಳೆಸುವವರು ದಯವಿಟ್ಟು ಮೇಸ್ತ್ರಿಯನ್ನು ಕರೆಯುವ ಮೊದಲು ನಕಾಶೆ ನೋಡಿ. ಗ್ರಾಮ ನಕಾಶೆಗಳು ಕಂದಾಯ ಇಲಾಖೆಯ ಜಾಲತಾಣದಲ್ಲಿ ಸಿಗುತ್ತವೆ. ನಿಂತ ಜಾಗದ ಸರ್ವೆ ನಂಬರನ್ನು ದಿಶಾಂಕ್ ಆ್ಯಪ್ ಮೊಬೈಲಿನಲ್ಲೇ ತೋರಿಸುತ್ತದೆ. ಆದರೆ ಆ್ಯಪಿನ ಗೆರೆಯನ್ನೇ ನಂಬಿ ಗೋಡೆ ಕಟ್ಟಬೇಡಿ. ಜಮೀನಾದರೆ ಹದ್ದುಬಸ್ತಿಗೆ ಅರ್ಜಿ ಹಾಕಿ ಭೂಮಾಪಕರಿಂದ, ಅಕ್ಕಪಕ್ಕದವರ ಎದುರಿನಲ್ಲೇ ಗಡಿ ಗುರುತಿಸಿಕೊಳ್ಳಿ. ನಿಮ್ಮ ಬೇಲಿ ಈಗಾಗಲೇ ರಸ್ತೆಯ ಜಾಗದಲ್ಲಿದೆ ಎಂದು ಗೊತ್ತಾದರೆ ನೋಟಿಸಿಗೆ ಕಾಯದೆ ಹಿಂದಕ್ಕೆ ಸರಿಸಿ.