ದರಕಿನ ಬೆಟ್ಟದಿಂದ ಯಕೃತ್ತಿನವರೆಗೆ

ಫೆಬ್ರುವರಿಯ ಬೆಳಗು. ಇಬ್ಬನಿ ಆರಿದ ಮೇಲೆ ಸಿದ್ದಾಪುರದ ಸೊಪ್ಪಿನಬೆಟ್ಟದಲ್ಲಿ ಹೆಂಗಸರು ದರಕು ಗುಡಿಸತೊಡಗಿದ್ದಾರೆ. ಮತ್ತಿ, ಹೊನ್ನೆ, ನಂದಿ ಮರಗಳ ಒಣ ಎಲೆ ಸರಬರ ಸದ್ದು ಮಾಡುತ್ತ ರಾಶಿಯಾಗುತ್ತದೆ, ಕಲ್ಲಿ ತುಂಬಿ ತಲೆಯೇರುತ್ತದೆ. ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಾಗಿ, ಗೊಬ್ಬರವಾಗಿ, ಕೊನೆಗೆ ಅಡಿಕೆ ಮರದ ಬುಡ ಸೇರುತ್ತದೆ.

ಆ ಎಲೆಯಡಿಯಲ್ಲೇ ಉಣುಗಿನ ಮರಿಗಳಿವೆ, ಸಾಸಿವೆ ಕಾಳಿಗಿಂತ ಚಿಕ್ಕವು. ಕಾಲು ಹತ್ತಿ ಮೊಣಕಾಲ ಹಿಂದಿನ ಮಡಿಕೆಯಲ್ಲಿ ಕಚ್ಚಿ ಕೂತರೆ ತುರಿಕೆ ಏಳುವತನಕ ಗೊತ್ತೇ ಆಗುವುದಿಲ್ಲ. ಅದಕ್ಕೇ ಆಶಾ ಕಾರ್ಯಕರ್ತೆಯರು ಮನೆಮನೆಗೆ ಉಣುಗು ದೂರವಿಡುವ ಡೆಪಾ ತೈಲ ಹಂಚುತ್ತಾರೆ.

ಉಣುಗು ಹೊತ್ತು ತರುವುದು ಮಂಗನ ಕಾಯಿಲೆಯ ವೈರಸ್ಸನ್ನು. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದದ್ದು. ಕಚ್ಚಿದ 3ರಿಂದ 8 ದಿನಕ್ಕೆ ಜ್ವರ, ತಲೆಸಿಡಿತ, ಮೈಕೈ ನೋವು, ಕೆಂಪೇರಿದ ಕಣ್ಣು. ರಕ್ತಪರೀಕ್ಷೆಯ ಚೀಟಿಯಲ್ಲಿ ಪ್ಲೇಟ್‌ಲೆಟ್ ಇಳಿದಿರುತ್ತದೆ. ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಕಿಣ್ವಗಳು ಏರಿ ಯಕೃತ್ತಿಗೂ ಪೆಟ್ಟು ಬಿದ್ದಿದೆ ಎನ್ನುತ್ತವೆ.

ಯಕೃತ್ತಿನ ಕಿರುನಾಳಗಳಲ್ಲಿ ರಕ್ತ ನಿಧಾನವಾಗಿ ಹರಿಯುತ್ತದೆ. ದಾರಿಯಲ್ಲಿ ಕುಪ್ಫರ್ ಕೋಶಗಳೆಂಬ ಭಕ್ಷಕ ಕೋಶಗಳು ಕಾದಿರುತ್ತವೆ, ಅವುಗಳ ಮೈಮೇಲೆ ಎಫ್‌ಸಿ ಗ್ರಾಹಕಗಳು. ಪ್ರತಿಕಾಯದ ಎರಡು ತೋಳು ವೈರಸ್ಸನ್ನು ಹಿಡಿದರೆ, ಪ್ರತಿಕಾಯದ ಬಾಲವನ್ನು ಈ ಗ್ರಾಹಕ ಹಿಡಿಯುತ್ತದೆ. ಕೋಶ ಎರಡನ್ನೂ ನುಂಗಿ ಅರಗಿಸುತ್ತದೆ. ನಾಳದ ಗೋಡೆಯ ಕೋಶಗಳಿಗೂ ಇಂಥ ಗ್ರಾಹಕಗಳಿವೆ. ಎಫ್‌ಸಿ ಗಾಮಾ 2ಬಿ ಎಂಬ ಬಗೆಯ ಸುಮಾರು ಮುಕ್ಕಾಲು ಪಾಲು ಯಕೃತ್ತಿನಲ್ಲೇ ಇರುವುದು ಇಲಿಗಳ ಅಧ್ಯಯನದಲ್ಲಿ ಕಂಡಿದೆ.

ವೈರಸ್ಸಿನ ಪಾಲಿಗೆ ಇದೇ ಗ್ರಾಹಕ ಒಳದಾರಿಯೂ ಆಗಬಲ್ಲದು. ಮಂಗನ ಕಾಯಿಲೆಯಂತೆ ಫ್ಲೇವಿವೈರಸ್ ಕುಟುಂಬಕ್ಕೇ ಸೇರಿದ ಡೆಂಗಿಯಲ್ಲಿ ವಿಜ್ಞಾನಿ ಸ್ಕಾಟ್ ಹಾಲ್‌ಸ್ಟೆಡ್ ಅದನ್ನು ತೋರಿಸಿಕೊಟ್ಟರು. ಹಿಂದಿನ ಸೋಂಕಿನ ಅರೆಬರೆ ಪ್ರತಿಕಾಯ ವೈರಸ್ಸಿಗೆ ಅಂಟುತ್ತದೆ, ಆದರೆ ಅದರ ಬಲ ಮುರಿಯುವುದಿಲ್ಲ. ಗ್ರಾಹಕ ಹಿಡಿದು ಒಳಗೆಳೆದ ವೈರಸ್ ಭಕ್ಷಕ ಕೋಶದಲ್ಲೇ ನೂರ್ಮಡಿಸುತ್ತದೆ.

ಹಾಗಾಗಿ ಪ್ರತಿಕಾಯ ಹುಟ್ಟಿದರಷ್ಟೇ ಸಾಲದು. ಸಾಕಷ್ಟಿರಬೇಕು, ಬಿಗಿಯಾಗಿ ಹಿಡಿಯಬೇಕು, ಬಹುಕಾಲ ಉಳಿಯಬೇಕು. ಮಂಗನ ಕಾಯಿಲೆಗೆ 1990ರಿಂದ ಕೊಡುತ್ತಿದ್ದ ಲಸಿಕೆಯ ಬಲ ಬೇಗ ಕುಂದುತ್ತಿತ್ತು, ಮತ್ತೆ ಮತ್ತೆ ಬೂಸ್ಟರ್ ಬೇಕಾಗುತ್ತಿತ್ತು. 2022ರಲ್ಲಿ ಅದನ್ನು ನಿಲ್ಲಿಸಿದರು. ಹೊಸ ಲಸಿಕೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಹಾಕಿದೆ. ದರಕಿಲ್ಲದೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ತೋಟವಿಲ್ಲ. ಬೆಟ್ಟಕ್ಕೆ ಹೋಗಬೇಡಿ ಎಂದು ಇಲ್ಲಿಯವರಿಗೆ ಹೇಳಲಾಗದು. ಹೋಗಿ ಬರುವವರ ರಕ್ತದಲ್ಲಿ ಗಟ್ಟಿ ಪ್ರತಿಕಾಯ ಇರುವಂತೆ ನೋಡಿಕೊಳ್ಳುವುದು ವಿಜ್ಞಾನದ, ಸರ್ಕಾರದ ಹೊಣೆ.